ರಕ್ಷಣೆ ಮತ್ತು ಮೋಕ್ಷ: ಒಂದೇ ಅಲ್ಲದ ಎರಡು ಪದಗಳು

ಜೈನರು ಮೋಕ್ಷವೆನ್ನುವುದನ್ನೇ ಕ್ರೈಸ್ತರು ರಕ್ಷಣೆಯೆನ್ನುತ್ತಾರೆ, ಹೆಸರು ಬೇರೆಯಾದರೂ ವಸ್ತು ಒಂದೇ ಎಂಬ ಮಾತು ಸರ್ವಧರ್ಮ ಸಮ್ಮೇಳನಗಳಲ್ಲಿ ಆಗಾಗ ಕೇಳಿಬರುತ್ತದೆ. ಅದರ ಹಿಂದಿನ ಸದ್ಭಾವ ಶ್ಲಾಘ್ಯವೇ. ಆದರೆ ಅದು ಎರಡೂ ಪರಂಪರೆಗಳಿಗೆ ಸಮಾನವಾಗಿ ಅನ್ಯಾಯ ಮಾಡುತ್ತದೆ.

ಜಾನ್ ಹ್ಯಾಂಡ್ಸ್ ಮೊದಲಾದ ಲಂಡನ್ ಮಿಷನ್ನಿನವರ ಶ್ರಮದಿಂದ 1831ರಲ್ಲಿ ಬಳ್ಳಾರಿಯಲ್ಲಿ ಸಮಗ್ರ ಬೈಬಲ್ ಕನ್ನಡಕ್ಕೆ ಬಂದಿತು. ಇಂದು ಪ್ರಚಲಿತವಿರುವ ಕನ್ನಡ ಅನುವಾದಗಳಲ್ಲಿ ಈ ಪರಿಕಲ್ಪನೆಗೆ ಮುಖ್ಯವಾಗಿ ನಿಂತಿರುವ ಪದಗಳು 'ರಕ್ಷಣೆ', 'ಉದ್ಧಾರ'. 'ಮೋಕ್ಷ', 'ಮುಕ್ತಿ' ಎಂಬ ಸಿದ್ಧ ಪದಗಳು ಪಂಪನ ಕಾಲದಿಂದಲೂ ಕನ್ನಡದಲ್ಲಿದ್ದರೂ ಅವು ಆ ಸ್ಥಾನಕ್ಕೇರಲಿಲ್ಲ. ಇದು ಅರ್ಥಪೂರ್ಣವಾದ ಆಯ್ಕೆ. ರಕ್ಷಣೆಯೆಂದರೆ ರಕ್ಷಿಸುವವನೊಬ್ಬನಿರಬೇಕು, ಯೇಸು ಎಂಬ ಹೀಬ್ರೂ ಮೂಲದ ಹೆಸರಿನಲ್ಲಿಯೇ ದೇವರು ರಕ್ಷಿಸುತ್ತಾನೆಂಬ ಅರ್ಥವಿದೆ. ಮೋಕ್ಷವೆಂದರೆ ಬಿಡುಗಡೆ, ತತ್ತ್ವಾರ್ಥಸೂತ್ರದ ಹತ್ತನೆಯ ಅಧ್ಯಾಯ ಅದನ್ನು ಸಮಸ್ತ ಕರ್ಮಗಳ ಕ್ಷಯವೆಂದು ನಿರೂಪಿಸುತ್ತದೆ. ಅಲ್ಲಿ ತೀರ್ಥಂಕರನು ಮಾರ್ಗದರ್ಶಕನೇ ಹೊರತು ಪರರ ಕರ್ಮವನ್ನು ತಾನು ಹೊರುವವನಲ್ಲ.

'ಪರಿಶುದ್ಧ' ಎಂಬ ಪದದಲ್ಲಿಯೂ ಇಂಥದೇ ಅಂತರವಿದೆ. ಜೈನ ದೃಷ್ಟಿಯಲ್ಲಿ ಶುದ್ಧಿ ಆತ್ಮದ ಸ್ವಭಾವ. ಅಂಟಿದ ಕರ್ಮರಜ ಕಳಚಿದಾಗ ಅದು ಪ್ರಕಟವಾಗುತ್ತದೆ. ಹೀಬ್ರೂ ಬೈಬಲಿನ 'ಕಾದೋಷ್' ಎಂಬ ಪದದಲ್ಲಿ ಪ್ರತ್ಯೇಕತೆಯ ಭಾವ ಪ್ರಧಾನವಾಗಿದೆ. ದೇವರೊಬ್ಬನೇ ಸ್ವಯಂ ಪರಿಶುದ್ಧ. ಜನ, ದಿನ, ಸ್ಥಳ, ಪಾತ್ರೆಗಳು ಅವನಿಗಾಗಿ ಮೀಸಲಾದಾಗ ಪರಿಶುದ್ಧವೆನಿಸುತ್ತವೆ.

ಕ್ರಮವೂ ಭಿನ್ನ. ವಿಮೋಚನಕಾಂಡದಲ್ಲಿ ಇಸ್ರಾಯೇಲರು ಮೊದಲು ಐಗುಪ್ತದ ದಾಸ್ಯದಿಂದ ಬಿಡುಗಡೆ ಹೊಂದುತ್ತಾರೆ; ಸೀನಾಯಿ ಬೆಟ್ಟದ ಧರ್ಮಶಾಸ್ತ್ರ ಅನಂತರ ಬರುತ್ತದೆ. ಪೌಲನ ಪತ್ರಗಳಲ್ಲಿಯೂ ಕೃಪೆ ಮೊದಲು, ಶುದ್ಧ ಜೀವನ ಅದರ ಫಲ. ಜೈನ ಮಾರ್ಗದಲ್ಲಾದರೋ ಜೀವನು ಹದಿನಾಲ್ಕು ಗುಣಸ್ಥಾನಗಳ ಸೋಪಾನದಲ್ಲಿ ಕಷಾಯಗಳನ್ನು ಗೆಲ್ಲುತ್ತ ಏರಬೇಕು. ಮುಕ್ತಿ ಆ ಏರಿಕೆಯ ತುದಿ. ಅಲ್ಲಿ ಆತ್ಮವೇ ಪರಮಾತ್ಮವಾಗುತ್ತದೆ. ಬೈಬಲಿನಲ್ಲಿ ಮನುಷ್ಯನು ದೇವರ ಸಾನ್ನಿಧ್ಯವನ್ನು ಪಡೆದರೂ ಸೃಷ್ಟಿಯಾಗಿಯೇ ಉಳಿಯುತ್ತಾನೆ.

ಹಾಗೆಂದು ಕ್ರೈಸ್ತಧರ್ಮದಲ್ಲಿ ಆಚಾರಕ್ಕೆ ಬೆಲೆಯಿಲ್ಲ, ನಂಬಿದರೆ ಸಾಕು ಎಂದು ಟೀಕಿಸುವುದು ಅವಸರದ ತೀರ್ಪು. ಕ್ರಿಯೆಯಿಲ್ಲದ ನಂಬಿಕೆ ಸತ್ತದ್ದೆಂದು ಯಾಕೋಬನ ಪತ್ರ ಎಚ್ಚರಿಸುತ್ತದೆ. ಕೃಪೆ ಮತ್ತು ಕ್ರಿಯೆಗಳ ಸಂಬಂಧದ ಕುರಿತು ಲೂಥರನ ಕಾಲದಿಂದ ನಡೆದ ವಾದ, 1999ರಲ್ಲಿ ಕಥೋಲಿಕರೂ ಲೂಥರನ್ನರೂ ಜಂಟಿ ಘೋಷಣೆಗೆ ಸಹಿ ಹಾಕುವವರೆಗೆ ಶತಮಾನಗಳನ್ನೇ ದಾಟಿತು. ಇಷ್ಟು ಸೂಕ್ಷ್ಮವಾದ ವಿಚಾರವನ್ನು ಒಂದು ವಾಕ್ಯದಲ್ಲಿ ತಳ್ಳಿಹಾಕಲಾಗದು.

ಹಾಗಾದರೆ ಈ ಎರಡು ಧರ್ಮಗಳು ಸಂಧಿಸುವುದೆಲ್ಲಿ? ಗುರಿಯಲ್ಲಲ್ಲ, ನಡೆಯಲ್ಲಿ. ಪರಿಶುದ್ಧರಾಗಿರೆಂದು ಆಜ್ಞಾಪಿಸುವ ಯಾಜಕಕಾಂಡದ ಹತ್ತೊಂಬತ್ತನೆಯ ಅಧ್ಯಾಯ, ಹಕ್ಕಲನ್ನು ಬಡವರಿಗೆ ಬಿಡಬೇಕೆನ್ನುತ್ತದೆ. ಕೂಲಿಯವನ ಕೂಲಿಯನ್ನು ರಾತ್ರಿಯಿಡೀ ತಡೆಹಿಡಿಯಬಾರದೆನ್ನುತ್ತದೆ. ತೂಕ ಅಳತೆಗಳು ನ್ಯಾಯವಾಗಿರಬೇಕೆನ್ನುತ್ತದೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ಅಚೌರ್ಯವ್ರತದ ಅತಿಚಾರಗಳಲ್ಲಿ ಹೆಚ್ಚುಕಡಿಮೆಯ ಅಳತೆ, ಕಲಬೆರಕೆಯ ವ್ಯವಹಾರಗಳನ್ನು ಸೇರಿಸುತ್ತದೆ. ಜಯನಗರದ ಅಂಗಡಿಯ ತಕ್ಕಡಿಯ ಮುಂದೆ ಶ್ರಾವಕನಿಗೂ ಕ್ರೈಸ್ತನಿಗೂ ಇರುವ ಪರೀಕ್ಷೆ ಒಂದೇ.

ಭೇದಗಳನ್ನು ಎತ್ತಿ ಹೇಳಿದರೆ ಸೌಹಾರ್ದ ಕೆಡುತ್ತದೆಂದು ಕೆಲವರು ಆತಂಕಪಡಬಹುದು. ಅನೇಕಾಂತವಾದ ಕಲಿಸುವುದು ಬೇರೆಯದನ್ನೇ. ಎಲ್ಲವೂ ಒಂದೇ ಎನ್ನುವುದು ಅನೇಕಾಂತವಲ್ಲ. ಅದು ಇನ್ನೊಂದು ಏಕಾಂತ. ಪ್ರತಿಯೊಂದು ನಯವನ್ನೂ ಅದರ ನೆಲೆಯಲ್ಲಿಯೇ ಗ್ರಹಿಸುವುದು ಅನೇಕಾಂತದ ಶಿಸ್ತು. ಕ್ರೈಸ್ತ ಮಿಷನರಿಯಾಗಿದ್ದ ಕಿಟ್ಟೆಲರು ಜೈನ ವೈಯಾಕರಣ ಕೇಶಿರಾಜನ ಶಬ್ದಮಣಿದರ್ಪಣವನ್ನು 1872ರಲ್ಲಿ ಸಂಪಾದಿಸಿ ಪ್ರಕಟಿಸಿದಾಗ, ಆ ಗ್ರಂಥವನ್ನು ತಮ್ಮ ಮತಕ್ಕೆ ಹೊಂದಿಸಲು ಹೋಗಲಿಲ್ಲ. ಅದು ಹೇಳಿದ್ದನ್ನೇ ಹೇಳಗೊಟ್ಟರು.

ಇಂಥ ಅಧ್ಯಯನಕ್ಕೆ ದಕ್ಷಿಣ ಬೆಂಗಳೂರಿನಲ್ಲಿ ಅವಕಾಶಗಳ ಕೊರತೆಯಿಲ್ಲ. ಬಿ.ಟಿ.ಎಂ. ಬಡಾವಣೆಯ ಸಮೀಪದಲ್ಲಿಯೇ ಕ್ರೈಸ್ತ ದೇವತಾಶಾಸ್ತ್ರವನ್ನು ಬೋಧಿಸುವ ಧರ್ಮಾರಾಮ ವಿದ್ಯಾಕ್ಷೇತ್ರವಿದೆ. ಜಯನಗರ, ಬನಶಂಕರಿಗಳಲ್ಲಿ ಸ್ವಾಧ್ಯಾಯನಿರತ ಜೈನ ಕುಟುಂಬಗಳಿವೆ. ಮತಾಂತರದ ಹೆಸರಿನಲ್ಲಿ ಪರಸ್ಪರ ಸಂಶಯ ಬೆಳೆಯುತ್ತಿರುವ ಈ ದಿನಗಳಲ್ಲಿ ನೆರೆಯವನ ಶಾಸ್ತ್ರವನ್ನು ಅವನ ಅರ್ಥದಲ್ಲಿ ಓದುವುದು ವಿದ್ವಾಂಸರಿಗಷ್ಟೇ ಸೇರಿದ ಕೆಲಸವಲ್ಲ. ರಕ್ಷಣೆಯನ್ನು ರಕ್ಷಣೆಯೆಂದೂ ಮೋಕ್ಷವನ್ನು ಮೋಕ್ಷವೆಂದೂ ಅರಿತವರ ನಡುವಿನ ಸ್ನೇಹವೇ ಬಾಳುವ ಸ್ನೇಹ.