ಭೂತಗಳ ಇರುಳಿನಲ್ಲಿ ಮದುವೆ

ಅಮೆರಿಕೆಯಲ್ಲಿ ಕೆಲವರು ಅಕ್ಟೋಬರ್ 31ರ ಹ್ಯಾಲೊವೀನ್ ಇರುಳನ್ನೇ ಮದುವೆಗೆ ಆರಿಸಿ, ಸಭಾಂಗಣವನ್ನು ಜೇಡರ ಬಲೆ, ತಲೆಬುರುಡೆಗಳಿಂದ ಸಿಂಗರಿಸುವರೆಂದು ಕೇಳಿದಾಗ, ಪಿತೃಪಕ್ಷದಲ್ಲಿ ಮದುವೆಯ ಮಾತನ್ನೇ ಎತ್ತದ ಮನೆಯಲ್ಲಿ ಬೆಳೆದ ನಾವು ಹುಬ್ಬು ಗಂಟಿಕ್ಕಿದೆವು. ವಿಚಾರಿಸಿ ನೋಡಲಾಗಿ ನಮ್ಮ ಆತುರವೇ ತಪ್ಪೆಂದು ತಿಳಿಯಿತು.

ಈ ಹಬ್ಬವು ಐರ್ಲೆಂಡ್, ಸ್ಕಾಟ್ಲೆಂಡುಗಳಿಂದ ಅಲ್ಲಿಗೆ ಹೋದುದು. ಆ ನಾಡುಗಳಲ್ಲಿ ಇದು ಮೃತರ ಇರುಳು ಮಾತ್ರವಲ್ಲ. ಕನ್ಯೆಯರು ವಿವಾಹದ ಶಕುನವನ್ನು ನೋಡುತ್ತಿದ್ದ ಇರುಳೂ ಹೌದು. ಪ್ರೇಮಿಗಳಿಬ್ಬರ ಹೆಸರಿನಲ್ಲಿ ಓಡುಳ್ಳ ಎರಡು ಬೀಜಗಳನ್ನು ಕೆಂಡದಲ್ಲಿಡುವರು. ಜೊತೆಯಾಗಿ ಶಾಂತವಾಗಿ ಉರಿದರೆ ಸುಖ, ಒಂದು ಸಿಡಿದು ಹಾರಿದರೆ ವಿರಸ. ಸ್ಕಾಟ್ಲೆಂಡಿನ ಕವಿ ರಾಬರ್ಟ್ ಬರ್ನ್ಸನು 1785ರಲ್ಲಿ ಬರೆದ ಕವಿತೆಯೊಂದರಲ್ಲಿ ಇದನ್ನು ವರ್ಣಿಸಿರುವನು. ಐರ್ಲೆಂಡಿನಲ್ಲಿ ಹಣ್ಣಿನ ರೊಟ್ಟಿಯೊಳಗೆ ಉಂಗುರವನ್ನು ಅಡಗಿಸುವರು. ಅದು ಯಾರ ತುಂಡಿನಲ್ಲಿ ಸಿಕ್ಕುವುದೋ ಅವರಿಗೆ ವರ್ಷದೊಳಗೆ ವಿವಾಹವೆಂದು ನಂಬಿಕೆ.

ಆದುದರಿಂದ ಈ ಇರುಳಿನಲ್ಲಿ ಮದುವೆಯಾಗಬಯಸುವವರಿಗೆ ನಮ್ಮ ಸೂಚನೆಯಿಷ್ಟೆ: ಕುಂಬಳಕಾಯಿಯ ದೀಪ, ಸೇಬು, ಬೀಜ, ಉಂಗುರದ ರೊಟ್ಟಿ ಇವುಗಳಿಂದಲೇ ಸಭೆಯು ಶೋಭಿಸೀತು. ಅಸ್ಥಿಪಂಜರವನ್ನು ತೂಗುಹಾಕುವ ಮುನ್ನ, ಅತಿಥಿಗಳಲ್ಲಿ ಆ ವರ್ಷವೇ ಪತಿಯನ್ನೋ ಮಗುವನ್ನೋ ಕಳೆದುಕೊಂಡವರುಂಟೇ ಎಂದು ಎಣಿಸಿ ನೋಡಲಿ. ಅಗಲಿದವರನ್ನು ನೆನೆಯಲು ಒಂದು ಬರಿದಾದ ಪೀಠವೂ ಅದರ ಮುಂದೊಂದು ದೀಪವೂ ಸಾಲವೇ?