ರಿಪೋರ್ಟೆಲ್ಲಾ ನಾರ್ಮಲ್ಲು!

ಸ್ಪೆಷಲಿಸ್ಟ್ ಹತ್ರ ಹೋಗುವ ಮುಂಚೆ ನನಗೆ ಸಿಕ್ಕಿರುವ ಪುಕ್ಕಟೆ ಸಲಹೆಗಳನ್ನು ಸ್ವಲ್ಪ ಕೇಳಿ. ತುಂಬಾ ನೀಟಾಗಿ ಡ್ರೆಸ್ ಮಾಡ್ಕೊಂಡು ಹೋಗಬೇಡ, ಆರಾಮಾಗಿದಾಳೆ ಅಂದ್ಕೋತಾರೆ. ತೀರಾ ಹಳೇ ಚೂಡಿದಾರ್ ಹಾಕ್ಕೊಂಡೂ ಹೋಗಬೇಡ, ತಲೆ ಕೆಟ್ಟಿದೆ ಅಂದ್ಕೋತಾರೆ. ಅಳಬೇಡ. ನಗಬೇಡ. 'ಫೈಬ್ರೊಮಯಾಲ್ಜಿಯಾ' ಅನ್ನೋ ಪದ ನೀನಾಗೇ ಎತ್ತಬೇಡ, ಗೂಗಲ್ ಡಾಕ್ಟರಮ್ಮ ಬಂದಳು ಅಂತಾರೆ. ನಿದ್ದೆ, ಮರೆವು, ಬೇಜಾರು ಅಂತೆಲ್ಲ ಶುರು ಮಾಡಬೇಡ, ಬರೀ ನೋವಿನ ಬಗ್ಗೆ ಹೇಳು ಸಾಕು.

ಕ್ಯಾಂಪಸ್ ಇಂಟರ್‌ವ್ಯೂಗೂ ನಾನು ಇಷ್ಟು ತಯಾರಿ ಮಾಡಿರಲಿಲ್ಲ ಮಾರಾಯ್ರೆ!

ಎರಡು ವರ್ಷದಿಂದ ಮೈಯೆಲ್ಲ ನೋವು. ಶುರುವಾಗಿದ್ದು ಕುತ್ತಿಗೆಯಲ್ಲಿ, ಆಮೇಲೆ ಭುಜ, ಬೆನ್ನು, ಸೊಂಟ, ತೊಡೆ, ಈಗ ದವಡೆ ಕೂಡ. ಬೆಳಿಗ್ಗೆ ಎದ್ದರೆ ರಾತ್ರಿಯೆಲ್ಲ ಅಡಿಕೆ ಮೂಟೆ ಹೊತ್ತ ಹಾಗಿರುತ್ತೆ. ಮೀಟಿಂಗಲ್ಲಿ ನಾನೇ ಬರೆದ ಫಂಕ್ಷನ್ನಿನ ಹೆಸರು ನಾಲಿಗೆಗೆ ಬರಲ್ಲ. ಇಷ್ಟಕ್ಕೆ ನಾಲ್ಕು ಡಾಕ್ಟರು, ಎರಡು ಎಂಆರ್‌ಐ, ಲೆಕ್ಕವಿಲ್ಲದಷ್ಟು ರಕ್ತ ಪರೀಕ್ಷೆ ಆಗಿದೆ. ಎಲ್ಲರದ್ದೂ ಒಂದೇ ಡೈಲಾಗು, "ರಿಪೋರ್ಟೆಲ್ಲಾ ನಾರ್ಮಲ್ಲು, ಏನೂ ಇಲ್ಲ". ಒಬ್ಬರಂತೂ ನನ್ನನ್ನು ಬಿಟ್ಟು ಅಮ್ಮನ ಕಡೆ ತಿರುಗಿ, "ಬೇಗ ಒಂದು ಮದುವೆ ಮಾಡಿ, ಸರಿಹೋಗುತ್ತೆ" ಅಂದರು. ಆ ಚಿಕಿತ್ಸೆಗೆ ಫೀಸು ಆರುನೂರು ರೂಪಾಯಿ :)

ನಮ್ಮ ಸಾಫ್ಟ್‌ವೇರ್ ಕೆಲಸದಲ್ಲೂ ಇಂಥವರಿದ್ದಾರೆ. ಟೆಸ್ಟರ್ ಒಂದು ಬಗ್ ಹಾಕಿದರೆ "ನನ್ನ ಮಶೀನಲ್ಲಿ ಸರಿಯಾಗೇ ಓಡ್ತಿದೆ" ಅಂತ ಮುಚ್ಚಿಬಿಡುವವರು. ಲಾಗಲ್ಲಿ ಎರರ್ ಇಲ್ಲ ಅಂದಮಾತ್ರಕ್ಕೆ ತೊಂದರೆ ಇಲ್ಲ ಅಂತಲ್ಲ. ತೊಂದರೆ ಇರುವ ಜಾಗದಲ್ಲಿ ಲಾಗ್ ಬರೆಯುವ ಕೋಡೇ ಇಲ್ಲದಿರಬಹುದು.

ಫೈಬ್ರೊಮಯಾಲ್ಜಿಯಾದ ಕಥೆ ಹೆಚ್ಚುಕಮ್ಮಿ ಇದೇ. ಇದಕ್ಕೆ ಅಂತ ಒಂದು ರಕ್ತ ಪರೀಕ್ಷೆಯೂ ಇಲ್ಲ, ಸ್ಕ್ಯಾನೂ ಇಲ್ಲ. ಕೀಲು ಸವೆಯಲ್ಲ, ಸ್ನಾಯು ಹರಿದಿರಲ್ಲ. ನರಮಂಡಲವೇ ನೋವಿನ ವಾಲ್ಯೂಮನ್ನು ಜಾಸ್ತಿ ಮಾಡಿಟ್ಟಿರುತ್ತೆ. 2002ರಲ್ಲಿ ಗ್ರೇಸ್ಲಿ ಮತ್ತು ಜೊತೆಗಾರರು ಅಮೆರಿಕದಲ್ಲಿ ಒಂದು ಪ್ರಯೋಗ ಮಾಡಿದ್ದರು. ಹೆಬ್ಬೆರಳಿನ ಉಗುರನ್ನು ಒತ್ತುತ್ತಾ ಮಿದುಳಿನ ಎಫ್‌ಎಂಆರ್‌ಐ ತೆಗೆದರು. ರೋಗಿಗಳಿಗೆ ಸ್ವಲ್ಪ ಒತ್ತಿದಾಗ ಆಗುವಷ್ಟು ನೋವು ಆರೋಗ್ಯವಂತರಿಗೆ ಆಗಬೇಕಾದರೆ ಹೆಚ್ಚು ಒತ್ತಬೇಕಾಯಿತು, ಮಿದುಳಿನ ಚಿತ್ರದಲ್ಲೂ ಅದು ಕಂಡಿತು. ಅಂದಮೇಲೆ "ಏನೂ ಇಲ್ಲ" ಅನ್ನೋ ಮಾತು ಎಲ್ಲಿಂದ ಬಂತು? "ಈ ಪರೀಕ್ಷೆಯಲ್ಲಿ ಏನೂ ಕಾಣಲಿಲ್ಲ" ಅನ್ನೋದಕ್ಕೂ "ಏನೂ ಇಲ್ಲ" ಅನ್ನೋದಕ್ಕೂ ಇರುವ ವ್ಯತ್ಯಾಸ ಎಂಬಿಬಿಎಸ್ ಓದಿದವರಿಗೆ ಇಂಜಿನಿಯರ್ ಹೇಳಿಕೊಡಬೇಕಾ?

ಪರೀಕ್ಷೆಗಳೇ ಬೇಡ ಅಂತ ನಾನು ಹೇಳ್ತಿಲ್ಲ. ಥೈರಾಯ್ಡ್, ಸಿಬಿಸಿ, ಇಎಸ್‌ಆರ್, ಸಿಆರ್‌ಪಿ, ಇಂಥವು ಬೇಕು, ಬೇರೆ ಕಾಯಿಲೆ ಅಲ್ಲ ಅಂತ ಗೊತ್ತಾಗಲಿಕ್ಕೆ. ಆದರೆ ಲಕ್ಷಣವೇ ಇಲ್ಲದೆ ಎಎನ್‌ಎ ಬರೆದುಕೊಡೋದು (ಅದು ಆರೋಗ್ಯವಂತರಲ್ಲೂ ಪಾಸಿಟಿವ್ ಬರಬಹುದು), ಆಮೇಲೆ ಲೂಪಸ್ ಅಂತ ಮನೆಮಂದಿಯೆಲ್ಲ ಹೆದರೋದು, ಕೊನೆಗೆ ಏನೂ ಇಲ್ಲ ಅನ್ನೋದು... ಇದು ಯಾವ ನ್ಯಾಯ?

ಈಗ ಆ ಸಲಹೆಗಳ ವಿಷಯಕ್ಕೆ ಬರೋಣ. "ಬರೀ ನೋವಿನ ಬಗ್ಗೆ ಹೇಳು" ಅನ್ನೋದಿದೆಯಲ್ಲ, ಅದರಷ್ಟು ಕೆಟ್ಟ ಸಲಹೆ ಇನ್ನೊಂದಿಲ್ಲ. 1990ರಲ್ಲಿ ಅಮೆರಿಕನ್ ಕಾಲೇಜ್ ಆಫ್ ರುಮಟಾಲಜಿ ಮಾಡಿದ ಮಾನದಂಡದಲ್ಲಿ, ಮೈಮೇಲಿನ 18 ಬಿಂದುಗಳನ್ನು ಒತ್ತಿ 11ರಲ್ಲಾದರೂ ನೋಯಬೇಕಿತ್ತು. 2010ರಲ್ಲಿ ಆ ಒತ್ತುವ ಲೆಕ್ಕ ಬಿಟ್ಟು, ರೋಗಿಯನ್ನು ಕೇಳಿ ತಿಳಿಯುವ ಪದ್ಧತಿ ತಂದರು. 2016ರ ಪರಿಷ್ಕರಣೆಯ ಪ್ರಕಾರ ಹೋದ ವಾರ 19 ಜಾಗಗಳಲ್ಲಿ ಎಷ್ಟು ಕಡೆ ನೋವಿತ್ತು ಅನ್ನೋದಕ್ಕೆ ಒಂದು ಅಂಕ. ಸುಸ್ತು, ಎದ್ದಮೇಲೂ ನಿದ್ದೆ ಆಗದ ಹಾಗಿರೋದು, ಮರೆವು ಮತ್ತು ಗಮನ ಚದುರೋದು, ಇವಕ್ಕೆ ತಲಾ 3ರವರೆಗೆ. ಆಮೇಲೆ ಆರು ತಿಂಗಳಲ್ಲಿ ತಲೆನೋವು, ಕಿಬ್ಬೊಟ್ಟೆ ನೋವು, ಡಿಪ್ರೆಶನ್ ಇತ್ತಾ ಅಂತ ತಲಾ ಒಂದು. ಒಟ್ಟು 12. ಮೊದಲನೆಯದು ಕನಿಷ್ಠ 7, ಎರಡನೆಯದು ಕನಿಷ್ಠ 5 ಇರಬೇಕು. ನೋವಿನ ಜಾಗ 4ರಿಂದ 6 ಮಾತ್ರ ಇದ್ದರೆ ಎರಡನೆಯದು 9 ಆದರೂ ಇರಬೇಕು. ನೋವು ದೇಹದ ಐದು ಭಾಗಗಳಲ್ಲಿ ನಾಲ್ಕರಲ್ಲಿ ಹರಡಿರಬೇಕು, ಮೂರು ತಿಂಗಳಾದರೂ ಆಗಿರಬೇಕು.

ನೋಡಿದಿರಾ? ನಮಗೆ ಏನನ್ನು ಮುಚ್ಚಿಡು ಅಂತಾರೋ ಅದರಿಂದಲೇ ಆ ಎರಡನೇ ಅಂಕ ಹೆಚ್ಚುಪಾಲು ಬರೋದು. "ಬರೀ ನೋವು" ಅಂತ ಹೇಳಿ ಬಂದರೆ ಸಿಗೋದು ಇನ್ನೊಂದು ಪೇನ್ ಕಿಲ್ಲರ್ ಚೀಟಿ. ಅದು ಈ ಕಾಯಿಲೆಗೆ ಅಷ್ಟೇನೂ ಕೆಲಸ ಮಾಡಲ್ಲ.

ನಮ್ಮಮ್ಮನದ್ದು ಬೇರೇನೇ ಚಿಂತೆ. "ಡಿಪ್ರೆಶನ್ ಅಂತ ಮಾತ್ರ ಬರೀಬೇಡ ಕಣೇ, ಫೈಲಲ್ಲಿ ಸೇರಿಬಿಟ್ರೆ ನಾಳೆ ಗಂಡಿನ ಕಡೆಯವರಿಗೆ ಗೊತ್ತಾದ್ರೆ?" ಅಮ್ಮನ ಮೇಲೆ ನನಗೆ ಸಿಟ್ಟಿಲ್ಲ. ನೋವು ಅಂದರೆ "ಮನಸ್ಸಿಂದು", ಮನಸ್ಸಿಂದು ಅಂದರೆ "ಸುಳ್ಳು" ಅಂತ ಎರಡೇ ಹೆಜ್ಜೆಯಲ್ಲಿ ತೀರ್ಮಾನ ಮಾಡುವ ಊರಲ್ಲಿ ಆಕೆ ಇನ್ನೇನು ಹೇಳಬೇಕು? ಆದರೆ ವರ್ಷಗಟ್ಟಲೆ ನೋವು ತಿಂದವರಿಗೆ ಮನಸ್ಸು ಕುಗ್ಗದೆ ಇರುತ್ತಾ? ಡುಲಾಕ್ಸೆಟಿನ್ ಅನ್ನೋ ಮಾತ್ರೆ ಡಿಪ್ರೆಶನ್ನಿಗೂ ಕೊಡ್ತಾರೆ, ನರಗಳ ಮಟ್ಟದಲ್ಲಿ ನೋವಿಗೂ ಕೆಲಸ ಮಾಡುತ್ತೆ. 2008ರಲ್ಲಿ ಅಮೆರಿಕದ ಎಫ್‌ಡಿಎ ಅದನ್ನು ಫೈಬ್ರೊಮಯಾಲ್ಜಿಯಾಕ್ಕೂ ಒಪ್ಪಿತು. ಯಾಕೆ ಕೊಡ್ತಿದೀವಿ ಅಂತ ಎರಡು ವಾಕ್ಯ ಹೇಳದೆ ಚೀಟಿ ಹರಿದು ಕೊಟ್ಟರೆ, ಮೆಡಿಕಲ್ ಶಾಪಿನವನು "ಇದು ಡಿಪ್ರೆಶನ್ ಮಾತ್ರೆ" ಅಂತಾನೆ, ರೋಗಿ ಮಾತ್ರೆ ಎಸೀತಾಳೆ. ತಪ್ಪು ಯಾರದ್ದು?

ಡಾಕ್ಟರಿಗೆ ಟೈಮಿಲ್ಲ ಅಂತೀರಿ. ಒಪ್ಪಿದೆ. ಹೊರಗೆ ಕಾಯುತ್ತಿರುವವರನ್ನು ನಾನೂ ನೋಡಿದ್ದೀನಿ, ಹತ್ತು ನಿಮಿಷ ಸಿಕ್ಕಿದರೆ ಪುಣ್ಯ. ಅದಕ್ಕೇ ಈ ಸಲ ಆ ದಪ್ಪ ಫೈಲಿನ ಮೇಲೆ ಒಂದೇ ಒಂದು ಹಾಳೆ ಇಟ್ಟಿದ್ದೀನಿ. ಯಾವಾಗ ಶುರುವಾಯ್ತು, ಈ ವಾರ ಎಲ್ಲೆಲ್ಲಿ ನೋವು (ಒಂದು ಮನುಷ್ಯನ ಚಿತ್ರ ಬಿಡಿಸಿ ಗುರುತು ಹಾಕಿದ್ದು, ಚಿತ್ರ ನೋಡಿ ತಮ್ಮ ಬಿದ್ದೂ ಬಿದ್ದೂ ನಕ್ಕ), ನಿದ್ದೆ, ಮರೆವು, ಹೊಟ್ಟೆ, ಮನಸ್ಸು. ಏನು ಮಾಡಕ್ಕಾಗ್ತಿಲ್ಲ ಅನ್ನೋದನ್ನೂ ಬರೆದಿದ್ದೀನಿ. "ತುಂಬಾ ನೋವು" ಅನ್ನೋದಕ್ಕಿಂತ "ದೋಸೆ ಹಿಟ್ಟಿನ ಪಾತ್ರೆ ಎತ್ತಕ್ಕಾಗಲ್ಲ" ಅಂದರೆ ಬೇಗ ಅರ್ಥ ಆಗುತ್ತೆ. ನುಂಗಿದ ಮಾತ್ರೆಗಳ ಹೆಸರೆಲ್ಲ ಇದೆ, ಊರಿನ ಪಂಡಿತರ ಕಷಾಯವೂ ಇದೆ. ಬೈದರೆ ಬೈಯಲಿ.

ಆದರೆ ಒಂದು ಮಾತು. ಈ ಹಾಳೆ ಡಾಕ್ಟರ ಕೆಲಸ ಸುಲಭ ಆಗಲಿ ಅಂತ ಬರೆದಿದ್ದು, ನಾನು ಸುಳ್ಳು ಹೇಳ್ತಿಲ್ಲ ಅಂತ ಸಾಬೀತು ಮಾಡಕ್ಕಲ್ಲ. ಇಂಗ್ಲಿಷ್ ಬರುವ, ಪ್ರಿಂಟರ್ ಇರುವ ನನಗೇ ಇಷ್ಟು ಸರ್ಕಸ್ಸು. ಗದ್ದೆ ಕೆಲಸ ಮುಗಿಸಿ ಬಸ್ ಹತ್ತಿ ಬಂದು "ಮೈಯೆಲ್ಲ ನೋವು ಸಾರ್" ಅನ್ನುವ ಹೆಂಗಸಿಗೆ ಈ ಪ್ರಶ್ನೆಗಳನ್ನೆಲ್ಲ ಯಾರು ಕೇಳ್ತಾರೆ? ಕೇಳಬೇಕಾದವರು ಮೇಜಿನ ಆಚೆ ಕಡೆ ಕೂತವರು.

ಹಾಳೆಯ ಕೆಳಗೆ ನನ್ನ ಪ್ರಶ್ನೆಗಳೂ ಇವೆ. ಯೂರೋಪಿನ ಯೂಲಾರ್ ಸಂಸ್ಥೆಯ 2017ರ ಶಿಫಾರಸಿನಲ್ಲಿ ಬಲವಾಗಿ ಹೇಳಿರುವುದು ವ್ಯಾಯಾಮ ಒಂದನ್ನೇ. ಹತ್ತು ನಿಮಿಷ ನಡೆದರೆ ಮಾರನೇ ದಿನ ಏಳಕ್ಕಾಗದ ನಾನು ಎಷ್ಟರಿಂದ ಶುರು ಮಾಡಲಿ? ಯಾವ ಮಾತ್ರೆ ನಿಲ್ಲಿಸಬಹುದು? ಇನ್ನೊಂದು ಸ್ಕ್ಯಾನ್ ಬರೆದರೆ ಅದು ಯಾವ ಅನುಮಾನಕ್ಕೆ?

ಡಿಪ್ರೆಶನ್ ಅನ್ನೋ ಸಾಲು ನೋಡಿ ಅಮ್ಮ ನಿನ್ನೆಯಿಂದ ಮುಖ ಊದಿಸಿಕೊಂಡಿದ್ದಾಳೆ. ಅಳಿಸಲ್ಲ ಅಂತ ಹೇಳಿದ್ದೀನಿ.