ಇಯರ್‌ಫೋನ್ ತೂತು ಮುಚ್ಚಿದವರು ನಮ್ಮ ಕಿಸೆಗೆ ತೂತು ಹಾಕಿದರು

ಫೋನಿನ ತಲೆಯ ಮೇಲೋ ಬುಡದಲ್ಲೋ ಒಂದು ದುಂಡನೆಯ ತೂತು ಇರುತ್ತಿತ್ತು. ಇಯರ್‌ಫೋನ್ ಚುಚ್ಚುವ ತೂತು. ಅಂಗಡಿಯವರು ಅದನ್ನು 3.5 ಜ್ಯಾಕ್ ಅನ್ನುತ್ತಾರೆ. ಹೊಸ ಫೋನ್ ಕೊಂಡವರು ಒಮ್ಮೆ ತಿರುವಿ ನೋಡಿ. ಬಹಳ ಮಂದಿಯ ಫೋನಿನಲ್ಲಿ ಅದು ಇಲ್ಲ. ಅದು ತಾನಾಗಿಯೇ ಹೋಗಿಲ್ಲ, ಕಂಪನಿಗಳು ತೆಗೆದಿವೆ. ತೆಗೆದದ್ದರ ಖರ್ಚನ್ನು ನಮ್ಮ ಮೇಲೆ ಹಾಕಿವೆ.

"ದ್ರಾಕ್ಷಿಗೆ ರೇಟ್ ಇಲ್ಲ, ಕರೆಂಟ್ ಯಾವಾಗ ಬರ್ತದೋ ಗೊತ್ತಿಲ್ಲ, ನೀವು ಫೋನಿನ ತೂತಿನ ಬಗ್ಗೆ ಬರೀಲಿಕ್ ಹತ್ತೀರಲ್ರೀ" ಅಂತ ಯಾರಾದರೂ ಕೇಳಬಹುದು. ಕೇಳಲಿ. ನಮ್ಮ ಉತ್ತರ ಇಷ್ಟೇ: ದೊಡ್ಡ ನಷ್ಟ ಆದರೆ ಎಲ್ಲರೂ ಮಾತಾಡುತ್ತಾರೆ. ನೂರು ಇನ್ನೂರು ರೂಪಾಯಿಯಂತೆ ಹೋಗುವ ನಷ್ಟವನ್ನು ಯಾರೂ ಲೆಕ್ಕ ಇಡುವುದಿಲ್ಲ. ಆ ಲೆಕ್ಕ ನಾವು ಇಡೋಣ.

ವಿಜಯಪುರದ ಗಾಂಧಿ ಚೌಕದ ಸುತ್ತ ಯಾವ ಮೊಬೈಲ್ ಅಂಗಡಿಗೆ ಹೋದರೂ ವೈರಿನ ಇಯರ್‌ಫೋನ್ ನೂರು, ನೂರೈವತ್ತು ರೂಪಾಯಿಗೆ ಸಿಗುತ್ತದೆ. ತಿಕೋಟಾ, ಬಬಲೇಶ್ವರದ ಬಸ್ ನಿಲ್ದಾಣದ ಹತ್ತಿರವೂ ಸಿಗುತ್ತದೆ. ವೈರಿಲ್ಲದ ಇಯರ್‌ಬಡ್ಸ್ ಸ್ವಲ್ಪ ತಡೆಯುವಂಥದ್ದು ಬೇಕೆಂದರೆ ಸಾವಿರ, ಸಾವಿರದ ಇನ್ನೂರು ಆಗುತ್ತದೆ. ನಮ್ಮ ರಾಜ್ಯದಲ್ಲಿ ಉದ್ಯೋಗ ಖಾತ್ರಿ ಕೂಲಿ 2025-26ರ ಸಾಲಿಗೆ ದಿನಕ್ಕೆ 370 ರೂಪಾಯಿ ಇತ್ತು. ಅಂದರೆ ವೈರಿನದಕ್ಕೆ ಅರ್ಧ ದಿನದ ದುಡಿಮೆಯೂ ಬೇಡ. ವೈರಿಲ್ಲದ್ದಕ್ಕೆ ಸುಮಾರು ಮೂರು ದಿನ ಬಿಸಿಲಲ್ಲಿ ಮಣ್ಣು ಹೊರಬೇಕು.

ಅಷ್ಟಕ್ಕೇ ಮುಗಿಯುವುದಿಲ್ಲ. ಇಯರ್‌ಬಡ್ಸ್ ಒಳಗೆ ಕಡಲೆಬೇಳೆಯಷ್ಟು ಸಣ್ಣ ಲಿಥಿಯಂ ಬ್ಯಾಟರಿ ಇರುತ್ತದೆ. ದಿನಾ ಚಾರ್ಜ್ ಮಾಡಿದಂತೆಲ್ಲ ಅದರ ಕಸುವು ಇಳಿಯುತ್ತದೆ. ಎರಡು ಮೂರು ವರ್ಷಕ್ಕೆ ಅರ್ಧ ಹಾಡಿಗೇ ಸಾಕಾಗುತ್ತದೆ. ಬ್ಯಾಟರಿ ಬದಲಿಸೋಣ ಅಂದರೆ ಅದನ್ನು ಅಂಟು ಹಾಕಿ ಮುಚ್ಚಿರುತ್ತಾರೆ, ಬಿಚ್ಚಿದರೆ ಒಡೆಯುತ್ತದೆ. ವೈರಿನ ಇಯರ್‌ಫೋನ್ ಕೆಟ್ಟರೆ ಬಹುತೇಕ ಪಿನ್ನಿನ ಹತ್ತಿರ ವೈರ್ ತುಂಡಾಗಿರುತ್ತದೆ. ಕೈ ಕುದುರಿದ ಹುಡುಗನೊಬ್ಬ ಹೊಸ ಪಿನ್ ಹಾಕಿ ಬೆಸುಗೆ ಹಚ್ಚಿ ಹತ್ತು ನಿಮಿಷದಲ್ಲಿ ಕೊಡುತ್ತಾನೆ. ಒಂದು ನಮ್ಮೂರಿನಲ್ಲಿ ರಿಪೇರಿ ಆಗುವ ವಸ್ತು, ಇನ್ನೊಂದು ತಿಪ್ಪೆಗೆ ಹೋಗುವ ವಸ್ತು. ಕಂಪನಿಗೆ ಯಾವುದು ಲಾಭ ಎಂದು ಬಿಡಿಸಿ ಹೇಳಬೇಕಿಲ್ಲ.

ಇದು ಶುರುವಾದದ್ದು ಹೇಗೆ? ಜ್ಯಾಕ್ ಇಲ್ಲದ ಫೋನುಗಳು ಅಲ್ಲೊಂದು ಇಲ್ಲೊಂದು ಮೊದಲೂ ಬಂದಿದ್ದವು. ಆದರೆ ಜಗತ್ತಿಗೆಲ್ಲ ರೂಢಿ ಹಚ್ಚಿದ್ದು ಆ್ಯಪಲ್. 2016ರ ಸೆಪ್ಟೆಂಬರ್ 7ರಂದು ಐಫೋನ್ 7 ಬಿಡುಗಡೆ ಮಾಡಿ, ಜ್ಯಾಕ್ ತೆಗೆದಿದ್ದೇವೆ ಎಂದಿತು. ಇದಕ್ಕೆ ಧೈರ್ಯ ಬೇಕಾಗಿತ್ತು ಎಂದು ವೇದಿಕೆಯ ಮೇಲೆ ಅದರ ಅಧಿಕಾರಿ ಫಿಲ್ ಶಿಲ್ಲರ್ ಹೇಳಿದರು. ಅದೇ ದಿನ, ಅದೇ ವೇದಿಕೆಯ ಮೇಲೆ ಏರ್‌ಪಾಡ್ಸ್ ಎಂಬ ವೈರಿಲ್ಲದ ಇಯರ್‌ಫೋನನ್ನೂ ತೋರಿಸಿದರು. ನಮ್ಮ ದೇಶದಲ್ಲಿ ಅದರ ಆಗಿನ ಬೆಲೆ 15,400 ರೂಪಾಯಿ. ಬಾವಿಗೆ ಮಣ್ಣು ಹಾಕಿ, ಅದರ ಪಕ್ಕದಲ್ಲೇ ಟ್ಯಾಂಕರ್ ನಿಲ್ಲಿಸಿ ನೀರು ಮಾರಿದಂತೆ. ಇದಕ್ಕೆ ಧೈರ್ಯ ಅನ್ನುವುದಿಲ್ಲ, ವ್ಯಾಪಾರ ಅನ್ನುತ್ತಾರೆ. ಧೈರ್ಯ ನೋಡಬೇಕಾದರೆ ಸಾಲ ತಂದು ದ್ರಾಕ್ಷಿ ಹಚ್ಚಿ, ಚಾಟ್ನಿ ಆದಮೇಲೆ ಮೋಡ ನೋಡುತ್ತ ಕೂತ ತಿಕೋಟಾದ ರೈತನನ್ನು ನೋಡಲಿ.

ಉಳಿದವರು ಏನು ಮಾಡಿದರು? ಗೂಗಲ್ ಕಂಪನಿ 2016ರಲ್ಲಿ ತನ್ನ ಮೊದಲ ಪಿಕ್ಸೆಲ್ ಫೋನಿನಲ್ಲಿ ಜ್ಯಾಕ್ ಇದೆ ಎಂದು ಜಾಹೀರಾತಿನಲ್ಲಿ ಮೆರೆಯಿತು, 2017ರ ಪಿಕ್ಸೆಲ್ 2ರಲ್ಲಿ ತೆಗೆಯಿತು. ಒನ್‌ಪ್ಲಸ್ 2018ರಲ್ಲಿ 6ಟಿ ಫೋನಿನಿಂದ ತೆಗೆಯಿತು. ಸ್ಯಾಮ್‌ಸಂಗ್ 2017ರಲ್ಲಿ ಆ್ಯಪಲ್‌ನ್ನು ಗೇಲಿ ಮಾಡುವ ಜಾಹೀರಾತು ಬಿಟ್ಟಿತು, 2019ರ ನೋಟ್ 10ರಲ್ಲಿ ತಾನೂ ತೆಗೆಯಿತು. ನಕ್ಕವರೇ ಹಿಂದಿನ ಬಾಗಿಲಿನಿಂದ ಅದೇ ದಾರಿ ಹಿಡಿದರು. ಮೊದಲು ಬಿಚ್ಚಿ ಹಾಕುವ ಬ್ಯಾಟರಿ ಹೋಯಿತು. ಆಮೇಲೆ ಅನೇಕ ಫೋನುಗಳಿಂದ ಮೆಮೊರಿ ಕಾರ್ಡ್ ಹೋಯಿತು. ಆಮೇಲೆ ಜ್ಯಾಕ್. ಆಮೇಲೆ ಡಬ್ಬಿಯೊಳಗಿನ ಚಾರ್ಜರ್. ಪ್ರತಿ ಸಲವೂ ತೆಗೆದ ವಸ್ತು ಅಂಗಡಿಯ ಗೋಡೆಯ ಮೇಲೆ ಬೇರೆ ಬೆಲೆಗೆ ತೂಗುಬಿತ್ತು.

ಕಂಪನಿಗಳು ಕಾರಣ ಕೊಡುತ್ತವೆ. ನೀರು ಹೋಗಬಾರದು, ಒಳಗೆ ಜಾಗ ಬೇಕು, ಫೋನ್ ತೆಳ್ಳಗಾಗಬೇಕು. ನೀರಿನ ಮಾತು ನಿಲ್ಲುವುದಿಲ್ಲ. 2016ರ ಸ್ಯಾಮ್‌ಸಂಗ್ ಎಸ್7 ಫೋನಿಗೆ ಜ್ಯಾಕೂ ಇತ್ತು, ನೀರು ತಡೆಯುವ ಐಪಿ68 ದರ್ಜೆಯೂ ಇತ್ತು. 2019ರ ಎಸ್10ಕ್ಕೂ ಎರಡೂ ಇದ್ದವು. ಸೋನಿ ಕಂಪನಿ ತನ್ನ ದೊಡ್ಡ ಫೋನುಗಳಿಂದ ಜ್ಯಾಕ್ ತೆಗೆದು, 2020ರ ಎಕ್ಸ್‌ಪೀರಿಯಾ 1 ಮಾರ್ಕ್ 2ರಲ್ಲಿ ಮತ್ತೆ ತಂದು ಕೂಡಿಸಿತು, ನೀರು ತಡೆಯುವುದನ್ನೂ ಬಿಡಲಿಲ್ಲ. ಮನಸ್ಸಿದ್ದರೆ ಆಗುತ್ತದೆ. ಜಾಗದ ಮಾತಿನಲ್ಲಿ ಸ್ವಲ್ಪ ಸತ್ಯ ಇದೆ. ಆದರೆ ಹಿಡಿ ತುಂಬುವಷ್ಟು ಅಗಲದ ಈಗಿನ ಫೋನಿನಲ್ಲಿ ಜೋಳದ ಕಾಳಿನಷ್ಟು ತೂತಿಗೆ ಜಾಗ ಇಲ್ಲ ಎಂದರೆ ನಂಬುವುದು ಕಷ್ಟ.

ಇನ್ನು ಒಂದೇ ತೂತಿನ ಪಜೀತಿ. ಜ್ಯಾಕ್ ಇಲ್ಲದ ಫೋನಿಗೆ ವೈರಿನ ಇಯರ್‌ಫೋನ್ ಬೇಕಾದರೆ ಚಾರ್ಜರ್ ತೂತಿಗೇ ಚುಚ್ಚಬೇಕು. ಕೇಳುವಾಗ ಚಾರ್ಜ್ ಇಲ್ಲ, ಚಾರ್ಜ್ ಮಾಡುವಾಗ ಕೇಳುವುದಿಲ್ಲ. ಕರೆಂಟ್ ಬಂದಾಗಲೇ ಫೋನ್ ಹಚ್ಚಬೇಕಾದ ಹೊಲದ ಮನೆಯಲ್ಲಿ ಪಿಎಸ್‌ಐ ಪರೀಕ್ಷೆಗೆ ಓದುವ ಹುಡುಗಿ ಯಾವುದನ್ನು ಬಿಡಬೇಕು? ಚಾರ್ಜರ್ ತೂತಿನ ಮೇಲೆ ಎರಡು ಪಟ್ಟು ಎಳೆದಾಟವೂ ಬೀಳುತ್ತದೆ. ಹಳೆಯ ಜ್ಯಾಕ್ ದುಂಡಗಿತ್ತು, ಕಿಸೆಯಲ್ಲಿ ವೈರ್ ಯಾವ ಕಡೆ ತಿರುಗಿದರೂ ತಾನೂ ತಿರುಗುತ್ತಿತ್ತು. ಟೈಪ್-ಸಿ ಪಿನ್ ಚಪ್ಪಟೆ, ತಿರುಗುವುದಿಲ್ಲ, ಎಳೆದರೆ ಒತ್ತಡ ತೂತಿನ ಮೇಲೆ. ಜ್ಯಾಕ್ ಕೆಟ್ಟರೆ ಹಾಡು ನಿಲ್ಲುತ್ತಿತ್ತು. ಚಾರ್ಜರ್ ತೂತು ಕೆಟ್ಟರೆ ಫೋನೇ ಮಲಗುತ್ತದೆ.

ಅಂಗಡಿಯಲ್ಲಿ ಕೊಡುವ ಚೋಟುದ್ದದ ಕನೆಕ್ಟರ್ ಬಗ್ಗೆಯೂ ತಿಳಿದಿರಲಿ. ಫೋನಿನೊಳಗೆ ಹಾಡು ಅಂಕಿಗಳ ರೂಪದಲ್ಲಿ ಇರುತ್ತದೆ. ಅದನ್ನು ಕಿವಿಗೆ ಕೇಳುವ ಸಪ್ಪಳ ಮಾಡಲು ಒಂದು ಚಿಪ್ ಬೇಕು. ಜ್ಯಾಕ್ ಇದ್ದ ಫೋನಿನಲ್ಲಿ ಆ ಕೆಲಸ ಫೋನೇ ಮಾಡಿ ಕಳಿಸುತ್ತಿತ್ತು. ಈಗ ಕೆಲವು ಫೋನುಗಳು ಟೈಪ್-ಸಿ ತೂತಿನಿಂದ ಸಪ್ಪಳವನ್ನೇ ಕಳಿಸುತ್ತವೆ, ಕೆಲವು ಅಂಕಿಗಳನ್ನು ಮಾತ್ರ ಕಳಿಸುತ್ತವೆ. ಹೀಗಾಗಿ ಚಿಪ್ ಇಲ್ಲದ ಅಗ್ಗದ ಕನೆಕ್ಟರ್ ಅಣ್ಣನ ಫೋನಿಗೆ ನಡೆಯುತ್ತದೆ, ತಮ್ಮನ ಫೋನಿಗೆ ನಡೆಯುವುದಿಲ್ಲ. ಕೊಳ್ಳುವ ಮೊದಲು ನಿಮ್ಮ ಫೋನಿಗೇ ಚುಚ್ಚಿ ಕೇಳಿ ನೋಡಿ. ಹಳೆಯ ಜ್ಯಾಕಿಗೆ ಈ ತಕರಾರು ಇರಲಿಲ್ಲ. ಟೆಲಿಫೋನ್ ಎಕ್ಸ್‌ಚೇಂಜಿನ ಕಾಲದ ದಪ್ಪ ಪಿನ್ನಿನ ಸಣ್ಣ ತಮ್ಮ ಅದು. ಟ್ರಾನ್ಸಿಸ್ಟರ್ ರೇಡಿಯೊಕ್ಕೂ ಅದೇ, 1979ರಲ್ಲಿ ಬಂದ ವಾಕ್‌ಮನ್‌ಗೂ ಅದೇ. ಯಾವ ಕಂಪನಿಯ ಪಿನ್ ಯಾವ ಕಂಪನಿಯ ತೂತಿಗಾದರೂ ಕೂರುತ್ತಿತ್ತು.

ರೇಡಿಯೊ ಅಂದಾಗ ಇನ್ನೊಂದು ಮಾತು. ಫೋನಿನಲ್ಲಿ ಎಫ್‌ಎಂ ಕೇಳಲು ಇಯರ್‌ಫೋನ್ ಚುಚ್ಚಿರಿ ಎಂದು ಫೋನ್ ಕೇಳುತ್ತಿತ್ತಲ್ಲ, ಯಾಕೆ ಗೊತ್ತೇ? ಆ ವೈರೇ ಆಂಟೆನಾ. ಜ್ಯಾಕ್ ಹೋದರೆ ಸಾಮಾನ್ಯವಾಗಿ ರೇಡಿಯೊ ಕೂಡ ಹೋದಂತೆಯೇ. ವಿಜಯಪುರ ಆಕಾಶವಾಣಿ ಕೇಳಲು ಡೇಟಾ ಬೇಡ, ರೀಚಾರ್ಜ್ ಬೇಡ, ಟವರ್ ಬೇಡ. 2023ರಲ್ಲಿ ಕೇಂದ್ರದ ಎಲೆಕ್ಟ್ರಾನಿಕ್ಸ್ ಮತ್ತು ಐಟಿ ಸಚಿವಾಲಯವೇ ಫೋನ್ ತಯಾರಕರಿಗೆ ಸೂಚನೆ ಕೊಟ್ಟು, ಎಫ್‌ಎಂ ಸೌಲಭ್ಯವನ್ನು ಬಂದ್ ಮಾಡಬಾರದು, ವಿಪತ್ತಿನ ಹೊತ್ತಿನಲ್ಲಿ ಜನರಿಗೆ ಬೇಕು ಎಂದಿತು. ಒಳಗೆ ರೇಡಿಯೊ ಇಟ್ಟು ಆಂಟೆನಾ ಚುಚ್ಚುವ ತೂತು ಮುಚ್ಚಿದರೆ ಆ ಸೂಚನೆಯಿಂದ ಏನು ಉಪಯೋಗ? ಒಣದ್ರಾಕ್ಷಿ ಶೆಡ್ಡಿನಲ್ಲಿ ಇಡೀ ದಿನ ಹಣ್ಣು ಹರಡುವ ಹೆಣ್ಣುಮಕ್ಕಳಿಗೆ ರೇಡಿಯೊ ಜೊತೆಗಾರ. ಅಕಾಲಿಕ ಮಳೆಯ ಸುದ್ದಿಯೂ ಅದರಿಂದಲೇ ಬರಬಹುದು.

ಬಸ್ಸಿನ ಮಾತಿಗೆ ಬನ್ನಿ. ಬಸ್ಸಿನಲ್ಲಿ ಮೊಬೈಲಿನಿಂದ ಜೋರಾಗಿ ಹಾಡು, ವಿಡಿಯೊ ಹಚ್ಚುವುದಕ್ಕೆ ಕಡಿವಾಣ ಹಾಕಬೇಕೆಂದು 2021ರ ನವೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್ ಆದೇಶ ಮಾಡಿತು. ಒಳ್ಳೆಯ ಆದೇಶ. ಆದರೆ ಕಂಡಕ್ಟರ್ "ಇಯರ್‌ಫೋನ್ ಹಾಕ್ಕೊಂಡ್ ಕೇಳ್ರೀಪಾ" ಅಂದರೆ ಪ್ರಯಾಣಿಕ "ಎಲ್ಲಿ ಚುಚ್ಚಲಿರೀ ಸರ?" ಅಂತ ಕೇಳುವ ಕಾಲ ಬಂದಿದೆ. ಅಥಣಿ ರಸ್ತೆಯ ಬಸ್ಸಿನಲ್ಲಿ ಒಮ್ಮೆ ಕೂತು ನೋಡಿ, ಏಳು ಫೋನಿನಿಂದ ಏಳು ಸಪ್ಪಳ. ಗೋಲಗುಮ್ಮಟದೊಳಗೆ ಒಂದೇ ಕೂಗು ಏಳು ಸಲ ಕೇಳಿದರೆ ಸೊಗಸು, ಬಸ್ಸಿನಲ್ಲಿ ಏಳು ಕೂಗು ಒಮ್ಮೆಲೇ ಕೇಳಿದರೆ ತಲೆನೋವು.

ನಮ್ಮ ಕಸುಬಿಗೂ ಪೆಟ್ಟು ಬಿದ್ದಿದೆ. ಹಳ್ಳಿಯಲ್ಲಿ ವರದಿ ಮಾಡುವ ನಮ್ಮಂಥವರ ಸ್ಟುಡಿಯೊ ಎಂದರೆ ಒಂದು ಫೋನ್, ಅಂಗಿಗೆ ಸಿಕ್ಕಿಸುವ ಒಂದು ಕಾಲರ್ ಮೈಕ್. ಕೆಲವು ನೂರು ರೂಪಾಯಿಯ ಆ ಮೈಕ್ ಜ್ಯಾಕಿಗೇ ಚುಚ್ಚುವಂಥದ್ದು. ಊರಿನ ಭಜನಾ ಮಂಡಳಿ, ಶಾಲೆಯ ಪ್ರಾರ್ಥನೆ, ಮದುವೆ ಪೆಂಡಾಲ್, ಟ್ರ್ಯಾಕ್ಟರಿನ ಟೇಪ್, ಎಲ್ಲದಕ್ಕೂ ಆಕ್ಸ್ ವೈರ್ ಹಚ್ಚಿದರೆ ಕೆಲಸ ಮುಗಿಯುತ್ತಿತ್ತು. ಹಳೆಯ ಆಂಪ್ಲಿಫೈಯರ್‌ಗೆ ಬ್ಲೂಟೂತ್ ಎಲ್ಲಿಂದ ತರುವುದು?

ಬೆಳಗ್ಗೆ ಹೊಲದ ದಾರಿಯಲ್ಲಿ ಸಿದ್ದೇಶ್ವರ ಸ್ವಾಮೀಜಿಯವರ ಪ್ರವಚನ ಕೇಳುತ್ತ ನಡೆಯುವ ಹಿರಿಯರನ್ನು ನಮ್ಮ ಕಡೆ ಯಾರು ನೋಡಿಲ್ಲ? ಬಿಜ್ಜರಗಿಯಲ್ಲಿ ಹುಟ್ಟಿದ ಅವರು 2023ರ ಜನವರಿ 2ರಂದು ಲಿಂಗೈಕ್ಯರಾದರು, ಅವರ ದನಿ ಮಾತ್ರ ಫೋನುಗಳಲ್ಲಿ ಉಳಿದಿದೆ. ಕಿಸೆ ಇಲ್ಲದ ಅಂಗಿ ತೊಟ್ಟವರ ಮಾತು ಕೇಳಲು ನಾವು ಕಿಸೆ ಖಾಲಿ ಮಾಡಬೇಕೇ? ಎಪ್ಪತ್ತು ವರ್ಷದ ಕಾಕಾನಿಗೆ "ಮೊದಲು ಬ್ಲೂಟೂತ್ ಆನ್ ಮಾಡ್ರಿ, ಆಮೇಲೆ ಪೇರ್ ಮಾಡ್ರಿ" ಎಂದು ಯಾರು ದಿನಾ ಹೇಳಿಕೊಡಬೇಕು? ಚುಚ್ಚುವುದನ್ನು ಯಾರೂ ಕಲಿಸಬೇಕಿರಲಿಲ್ಲ.

ಬ್ಲೂಟೂತ್ ಬೇಡ ಎಂದು ನಾವು ಹೇಳುತ್ತಿಲ್ಲ. ಕೊರಳಿಗೆ ಹಾಕುವ ನೆಕ್‌ಬ್ಯಾಂಡ್ ಕೆಲಸ ಮಾಡುವವರಿಗೆ ಅನುಕೂಲವೇ. ಬೇಕಾದವರು ಕೊಳ್ಳಲಿ. ಜ್ಯಾಕ್ ಇದ್ದ ಫೋನಿನಲ್ಲೂ ಬ್ಲೂಟೂತ್ ಇತ್ತು, ಎರಡೂ ಇದ್ದಾಗ ಆರಿಸುವವರು ನಾವಾಗಿದ್ದೆವು. ಈಗ ನಮ್ಮ ಪರವಾಗಿ ಕಂಪನಿ ಆರಿಸುತ್ತಿದೆ. ನಮ್ಮ ತಕರಾರು ಅದಕ್ಕೆ.

ಇದಕ್ಕೆ ಏನೂ ಮಾಡಲಾಗದು ಅನ್ನುವವರು ಯುರೋಪಿನ ಕಡೆ ನೋಡಲಿ. ಎಲ್ಲ ಹೊಸ ಫೋನಿಗೂ ಒಂದೇ ಟೈಪ್-ಸಿ ಚಾರ್ಜರ್ ತೂತು ಇರಬೇಕು ಎಂದು ಅಲ್ಲಿ ಕಾನೂನು ಮಾಡಿದರು, 2024ರ ಡಿಸೆಂಬರ್ 28ರಿಂದ ಅದು ಜಾರಿಗೆ ಬಂತು. ತನ್ನದೇ ಬೇರೆ ತೂತು ಎಂದು ವರ್ಷಗಟ್ಟಲೆ ಹಠ ಹಿಡಿದಿದ್ದ ಆ್ಯಪಲ್ 2023ರ ಐಫೋನ್ 15ರಲ್ಲೇ ಬದಲಿಸಿಕೊಂಡಿತು. ಸರ್ಕಾರ ಗಟ್ಟಿ ನಿಂತರೆ ದೊಡ್ಡ ಕಂಪನಿಯೂ ಬಗ್ಗುತ್ತದೆ. ನಮ್ಮಲ್ಲಿಯೂ 2022ರ ಜುಲೈನಲ್ಲಿ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿ ಹಕ್ಕಿಗಾಗಿ ಸಮಿತಿ ಮಾಡಿತು. ವೈರಿನ ಇಯರ್‌ಫೋನ್ ಬಳಸುವುದೂ ಆ ಹಕ್ಕಿನ ಮಾತೇ, ಯಾಕೆಂದರೆ ರಿಪೇರಿ ಆಗುವ ವಸ್ತುವನ್ನು ಬಳಸಲು ಬಿಡದಿದ್ದರೆ ರಿಪೇರಿ ಹಕ್ಕು ಇದ್ದೂ ಇಲ್ಲದಂತೆ.

ನಾವು ಕೇಳುವುದು ಮೂರು. ಒಂದು, ಫೋನಿನ ಡಬ್ಬಿಯ ಮೇಲೆ "ಇಯರ್‌ಫೋನ್ ಜ್ಯಾಕ್ ಇದೆ" ಅಥವಾ "ಇಲ್ಲ" ಎಂದು ದೊಡ್ಡ ಅಕ್ಷರದಲ್ಲಿ, ಕನ್ನಡದಲ್ಲಿಯೂ ಬರೆಯಲಿ. ಎರಡು, ಅಂಗನವಾಡಿ ಕಾರ್ಯಕರ್ತೆಯರಿಗೆ ಸರ್ಕಾರ ಫೋನ್ ಕೊಳ್ಳುವಾಗ ಜ್ಯಾಕ್ ಇರಲೇಬೇಕೆಂದು ಟೆಂಡರಿನಲ್ಲಿ ಹಾಕಲಿ. ಮೂರು, ಸಾಮಾನ್ಯರು ಕೊಳ್ಳುವ ಬೆಲೆಯ ಎಲ್ಲ ಫೋನಿಗೂ ಜ್ಯಾಕ್ ಮತ್ತು ಎಫ್‌ಎಂ ಕಡ್ಡಾಯ ಮಾಡಲಿ. ಸೂಚನೆ ಸಾಲದು, ನಿಯಮ ಬೇಕು.

ನಿಮ್ಮ ಕೈಯಲ್ಲಿಯೂ ಒಂದು ಕೆಲಸ ಇದೆ. ಅಗ್ಗದ ಫೋನುಗಳಲ್ಲಿ ಜ್ಯಾಕ್ ಇನ್ನೂ ಉಳಿದಿರುವುದು ಕಂಪನಿಯ ದಯೆಯಿಂದಲ್ಲ, ನಮ್ಮಂಥವರು ಕೇಳಿ ಕೊಳ್ಳುವುದರಿಂದ. ಮುಂದಿನ ಸಲ ಅಂಗಡಿಗೆ ಹೋದಾಗ ಕ್ಯಾಮೆರಾ ಎಷ್ಟು ಎಂದು ಕೇಳುವ ಮೊದಲು "ಜ್ಯಾಕ್ ಐತೇನ್ರೀ?" ಎಂದು ಕೇಳಿ. ಇಲ್ಲ ಅಂದರೆ "ಇದ್ದದ್ದು ತೋರಸ್ರಿ" ಅನ್ನಿ. ಹತ್ತು ಜನ ಹೀಗೆ ಕೇಳಿದರೆ ಅಂಗಡಿಯವನು ಡೀಲರ್‌ಗೆ ಹೇಳುತ್ತಾನೆ, ಡೀಲರ್ ಕಂಪನಿಗೆ ಹೇಳುತ್ತಾನೆ. ಬಾಯಿ ಬಿಡದಿದ್ದರೆ ಮುಂದೆ ಇನ್ಯಾವ ತೂತು ಮುಚ್ಚುತ್ತಾರೋ ಕಾಯುತ್ತ ಕೂರಬೇಕಾಗುತ್ತದೆ.